ಬರೆದ ಕಣ್ಣು

ಸೊಲ್ಲಾಪುರ
೧೪ ಆಗಸ್ಟ್ ೧೯೩೬

ಕಮರಣ್ಣನಿಗೆ ರತ್ನವ್ವ ಬರೆಯುವ ಕಾಗದ.

ನೀನು ಟಪಾಲಿನಲ್ಲಿ ಕಳಿಸಿದ ಫೋಟೋ ಮುಟ್ಟಿತು. ನಿನ್ನ ಕ್ಷೇಮ ಕೇಳುವ ಮನಸ್ಸು ನನಗಿಲ್ಲ. ನನ್ನದನ್ನು ನೀನೂ ಕೇಳಬೇಡ.

ಅಪ್ಪನನ್ನು ಮಣ್ಣಿಗಿಟ್ಟು ಎಷ್ಟು ದಿನವಾಯಿತು? ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಎಡಗೈಯಲ್ಲಿ ಲಿಂಗ, ಗೋಡೆಗೆ ಆನಿಸಿ ಕೂಡಿಸಿದ ಮೈ, ಮುಚ್ಚಿದ ಕಣ್ಣು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಹೀಗೆ ಕೂಡಿಸಿಯೇ ಮಣ್ಣಿಗೆ ಕಳಿಸುತ್ತಾರೆ. ಕಳಿಸುವ ಮೊದಲು ನಿನ್ನನ್ನು ಕರೆಸಿ ಫೋಟೋ ತೆಗೆಸುತ್ತಾರೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ತಿರುಗಿಸಿದರೆ ನಿನ್ನ ಅಂಗಡಿಯ ಮುದ್ರೆ, 'ನೀಲಕಂಠಪ್ಪನವರು' ಎಂದು ಹೆಸರು, ಕೆಳಗೆ ತಾರೀಖು. ಅವ್ವನ ಫೋಟೋದ ಹಿಂದೆಯೂ ಹೀಗೇ ಬರೆದಿದ್ದೆ.

ಜೊತೆಗೆ ಒಂದು ಸಾಲು ಕಾಗದವಿಲ್ಲ. ಮನೆಯ ಎತ್ತು ಸತ್ತರೂ ಜನ ಹೀಗಾಯಿತು ಎಂದು ಒಂದು ಮಾತು ಹೇಳಿ ಕಳಿಸುತ್ತಾರೆ. ನಮ್ಮಣ್ಣ ಮಡಿವಾಳಪ್ಪನಿಗೆ ತಾರು ಕೊಡುವ ನೆನಪಾಗಲಿಲ್ಲ ಎಂದರೆ ಅದು ಅವನ ಗುಣ. ನೀನು? ಕಮರಿಪೇಟೆಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ಬೆಳೆದವನು. ನಿನಗೂ ಬಾಯಿ ಬರಲಿಲ್ಲವೆ?

ಒಂಬತ್ತು ವರ್ಷದ ಹಿಂದೆ ಅವ್ವ ಹೋದಾಗಲೂ ಹೀಗೇ ಮಾಡಿದಿರಿ. ಸುದ್ದಿ ತಡವಾಗಿ ಮುಟ್ಟಿ, ನಾನು ರೈಲು ಇಳಿದು ಓಡಿ ಬರುವಷ್ಟರಲ್ಲಿ ಅಂಗಳ ಸಾರಿಸಿ ವಾರವಾಗಿತ್ತು. ಮುಖ ಎಲ್ಲಿ ಎಂದು ಕೇಳಿದರೆ ಅಪ್ಪ ಗೋಡೆಯ ಮೇಲಿನ ಫೋಟೋ ತೋರಿಸಿದ. ಸತ್ತ ಅವ್ವನ ಮುಚ್ಚಿದ ಕಣ್ಣಿನ ಮೇಲೆ ನೀನು ಬಣ್ಣದಿಂದ ಬೇರೆ ಕಣ್ಣು ಬರೆದಿದ್ದೆ. ದೊಡ್ಡ ದೊಡ್ಡ ಕಣ್ಣು, ಪಟದೊಳಗಿನ ದೇವಿಯ ಹಾಗೆ. ನಮ್ಮವ್ವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಇವು ಅವ್ವನ ಕಣ್ಣಲ್ಲ ಎಂದೆ. ಅಪ್ಪ ಸಿಟ್ಟಾದ. ನಾನು ಊಟ ಮಾಡದೆ ತಿರುಗಿ ರೈಲು ಹತ್ತಿದೆ. ಆಮೇಲೆ ಅವನು ಕರೆಯಲಿಲ್ಲ, ನಾನು ಬರಲಿಲ್ಲ.

ನಿನ್ನೆ ಇಲ್ಲಿಯ ಮಹಾಂತಯ್ಯನವರನ್ನು ಕರೆಸಿ, ಪಾದ ತೊಳೆದು, ಅಪ್ಪನ ಹೆಸರಿನಲ್ಲಿ ಜಂಗಮರಿಗೆ ಊಟಕ್ಕೆ ಹಾಕಿದೆ. ನನ್ನ ಕೆಲಸ ನಾನು ಮುಗಿಸಿದೆ.

ಒಂದೇ ಮಾತು ಕೇಳುವುದಿದೆ. ಅವ್ವನಿಗೆ ಬರೆದ ಹಾಗೆ ಅಪ್ಪನಿಗೆ ಕಣ್ಣು ಬರೆಯಲಿಲ್ಲ ಯಾಕೆ? ಬಣ್ಣ ತೀರಿತ್ತೇನು?

ಎರಡನೆಯ ಸಲವೂ ಮುಖ ಕಾಣದೆ ಉಳಿದ
ರತ್ನವ್ವ

* * *

ಕಮರಿಪೇಟೆ, ಹುಬ್ಬಳ್ಳಿ
೧೮ ಆಗಸ್ಟ್ ೧೯೩೬

ತಂಗಿ ರತ್ನವ್ವಗೆ ಕಮರುದ್ದೀನನ ಸಲಾಮು.

ನಿಮ್ಮಪ್ಪ ಇದ್ದಾರೆ. ಮೊದಲು ಇಷ್ಟು ಓದಿ ನೀರು ಕುಡಿ, ಉಳಿದದ್ದು ಆಮೇಲೆ ಓದು. ಇದ್ದಾರೆ. ಇವತ್ತು ಮುಂಜಾನೆ ದುರ್ಗದಬೈಲಿನ ಕಾಳಿನ ಅಂಗಡಿಯಲ್ಲಿ ಕೂತು ಹಮಾಲರಿಗೆ ಬೈಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡು ಬಂದಿದ್ದೇನೆ.

ನಿನ್ನ ಕಾಗದ ಓದಿದ ಕೂಡಲೇ ತಾರು ಆಫೀಸಿಗೆ ಓಡಿದೆ. ತಾರು ಬಂತೆಂದರೆ ಬಿಚ್ಚುವ ಮೊದಲೇ ಅಳುವ ಜನ ನಾವು. ನೀನು ಅದನ್ನು ಬಿಚ್ಚದೇ ಒಲೆಗೆ ಹಾಕಿದರೆ ಏನು ಗತಿ ಎಂದು ಒಂದು ಹೆದರಿಕೆ. ಅಪ್ಪ ಬದುಕಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಅಲ್ಲಿಯ ಗುಮಾಸ್ತ ನನ್ನ ಮುಖ ನೋಡಿದ.

"ಸತ್ತಾರಂತ ತಾರು ಕೊಡೋರನ್ನ ನೋಡೇನಿ. ಬದುಕ್ಯಾರಂತ ಕೊಡಾಂವ ನೀನ ಮೊದಲನೇದಾಂವ," ಎಂದ.

ಜೊತೆಗೆ ಕಾಗದ ಯಾಕಿಲ್ಲ ಎಂದು ಕೇಳಿದ್ದೀಯ. ಕಡಿಮೆ ಟಿಕೆಟ್ಟು ಹಚ್ಚಿ ತೆರೆದ ಲಕೋಟೆಯಲ್ಲಿ ಫೋಟೋ ಕಳಿಸಿದರೆ ಒಳಗೆ ಕಾಗದ ಇಡಬಾರದು ಎಂದು ಟಪಾಲಿನವರು ಹೇಳಿದರು. ಕಾರ್ಡು ಬೇರೆ ಬರೆಯೋಣವೆಂದು ಕೂತೆ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು, ನಿನಗೆ ಗೊತ್ತು. ಒಂದು ಕಾರ್ಡು ಬರೆದೆ, ಅವ್ವನ ಮಾತು ತೆಗೆದರೆ ನಿನಗೆ ಸಿಟ್ಟು ಬಂದೀತು ಎಂದು ಹರಿದೆ. ಇನ್ನೊಂದು ಬರೆದೆ, ತೆಗೆಯದೇ ಹೋದರೆ ಮರೆತ ಎಂದುಕೊಂಡೀ ಎಂದು ಅದನ್ನೂ ಹರಿದೆ. ನನ್ನ ಹೆಂಡತಿ ತಾಜಬಿ ಒಲೆಯ ಮುಂದಿನಿಂದ, "ಹರೀರಿ, ಹರೀರಿ, ಬೆಂಕಿ ಹಚ್ಚಾಕ ಬೇಕಾಗೇತಿ," ಎಂದಳು. ಕಡೆಗೆ ಮುಖ ನೋಡಿದರೆ ಸಾಕು, ಮಾತೇಕೆ ಎಂದು ಬರೀ ಫೋಟೋ ಹಾಕಿದೆ. ಅದು ಹೀಗೆ ಮಾತಾಡುತ್ತದೆ ಎಂದು ನನಗೇನು ಗೊತ್ತು?

ಸಿಟ್ಟು ನಿನಗೊಬ್ಬಳಿಗೇ ಬರುತ್ತದೆ ಎಂದು ತಿಳಿಯಬೇಡ. ಈ ಪೇಟೆಯವರು ನನ್ನನ್ನು ಯಾವಾಗ ಕರೆಯುತ್ತಾರೆ ಹೇಳು. ಉಸಿರು ಹೋದ ಮೇಲೆ. ಬದುಕಿದ್ದಾಗ ಒಂದು ಸಲ ಬಂದು ಕೂಡಿರಿ ಎಂದು ಕೈ ಮುಗಿದರೂ ಬರುವುದಿಲ್ಲ. ಸತ್ತ ಮೇಲೆ ಕ್ಯಾಮೆರಾ ಹೊತ್ತು ಓಡಿ ಬಾ ಎನ್ನುತ್ತಾರೆ, ಅಳುವವರನ್ನು ಸರಿಸಿ ನಿಲ್ಲು ಎನ್ನುತ್ತಾರೆ, ಮುಗಿದ ಮೇಲೆ ಕಣ್ಣು ಮುಚ್ಚಿದ್ದು ಚೆನ್ನಾಗಿ ಕಾಣುವುದಿಲ್ಲ, ತೆರೆದ ಹಾಗೆ ಬರೆದುಕೊಡು ಎನ್ನುತ್ತಾರೆ. ಯಾರ ಕಣ್ಣು ಬರೆಯಲಿ? ನಿಮ್ಮವ್ವ ನನ್ನ ಮುಂದೆ ಎಂದಾದರೂ ಸೆರಗು ಸರಿಸಿ ತಲೆ ಎತ್ತಿದ್ದರೇನು? ಅವರ ಕಣ್ಣು ದೊಡ್ಡದೋ ಸಣ್ಣದೋ ಹೇಳಿರಿ ಎಂದು ನಿಮ್ಮಪ್ಪನನ್ನು ಕೇಳಿದೆ. "ಎಲ್ಲಾರಿಗೂ ಹ್ಯಾಂಗ ಬರೀತಿ ಹಂಗ ಬರಿ," ಎಂದರು. ಬರೆದೆ. ಆ ಬೈಗುಳ ಇಂದಿಗೂ ನನ್ನ ಪಾಲಿಗೇ.

ಅದಕ್ಕೇ ಈ ವರ್ಷ ಹಟ ತೊಟ್ಟೆ. ಪೇಟೆಯ ಮುದುಕ ಮುದುಕಿಯರನ್ನೆಲ್ಲ ಬದುಕಿದ್ದಾಗಲೇ, ಅವರ ಮನೆಯ ಕಟ್ಟೆಯ ಮೇಲೆ ಕೂಡಿಸಿ, ನನ್ನ ಸ್ವಂತ ಗಾಜಿನ ಪ್ಲೇಟಿನ ಮೇಲೆ ತೆಗೆಯುವುದು. ಯಾರಿಂದಲೂ ಏನೂ ತೆಗೆದುಕೊಳ್ಳದೆ. ಮೊದಲು ನಿಮ್ಮಪ್ಪನ ಹತ್ತಿರ ಹೋದೆ. ಒಪ್ಪಿದರು, ಆದರೆ ಶಿವಪೂಜೆಗೆ ಕೂತಾಗ ಮಾತ್ರ ಎಂದರು. ಕಣ್ಣು ತೆರೆದು ಮಿಶಿನ್ನು ನೋಡುವವನಲ್ಲವಂತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಅಲುಗಬಾರದೆಂದು ಗೋಡೆಗೆ ಆನಿಸಿದವನು, ಚೆಂದ ಕಾಣಲೆಂದು ಹಾರ ಹಾಕಿದವನು ನಾನೇ. ಪಡಸಾಲೆಯಲ್ಲಿ ಬೆಳಕು ಕಡಿಮೆ, ಕ್ಯಾಮೆರಾದ ಮುಚ್ಚಳ ಬಹಳ ಹೊತ್ತು ತೆರೆದಿಡಬೇಕಾಯಿತು. ಅಷ್ಟು ಹೊತ್ತೂ ರೆಪ್ಪೆ ಸಹ ಅಲುಗಲಿಲ್ಲ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಈಗ ಆ ಫೋಟೋ ಬೆಳಕಿಗೆ ಹಿಡಿದು ಹಾರ ನೋಡು. ಎದೆಯ ಮೇಲೆ ಬಿದ್ದಿರುವ ಹೂವು ಮಸುಕಾಗಿವೆ. ಹೆಗಲ ಮೇಲಿನವು ಚೊಕ್ಕವಾಗಿವೆ. ಸತ್ತವರ ಫೋಟೋದಲ್ಲಿ ಯಾವ ಹೂವೂ ಮಸುಕಾಗುವುದಿಲ್ಲ ತಂಗಿ. ಅದು ಉಸಿರು.

ತಾರು ಮುಟ್ಟಿತೆಂದು ಒಂದು ಕಾರ್ಡು ಹಾಕು. ಅಲ್ಲಿಯವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಗಾಬರಿಯಲ್ಲಿರುವ ನಿನ್ನ ಅಣ್ಣ
ಕಮರುದ್ದೀನ

* * *

ಸೊಲ್ಲಾಪುರ
೨೬ ಆಗಸ್ಟ್ ೧೯೩೬

ಕಮರಣ್ಣನಿಗೆ,

ತಾರು ಬಂತು. ನೀನು ಅಂದುಕೊಂಡ ಹಾಗೇ ಆಯಿತು. ನಾನು ಅದನ್ನು ಮುಟ್ಟಲಿಲ್ಲ. ನಮ್ಮ ಮನೆಯವರು ಗಿರಣಿಯಿಂದ ಬಂದು, ಓದಿಸಿಕೊಂಡು ಬರುತ್ತೇನೆಂದು ಹೋಗಿ, ನಗುತ್ತ ತಿರುಗಿ ಬಂದರು. ಅವರು ನಕ್ಕದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ನಿನ್ನ ಕಾಗದ ಆಮೇಲೆ ಬಂತು.

ಸಂತೋಷವಾಗಲಿಲ್ಲವೇನು ಎಂದು ಓಣಿಯವರು ಕೇಳುತ್ತಾರೆ. ಆಯಿತು. ಸುಳ್ಳು ಹೇಳಲಾರೆ. ಆದರೆ ಇರುವ ಅಪ್ಪನಿಗೆ ಅತ್ತೆನಲ್ಲ, ಆ ಅಳುವನ್ನು ಈಗ ಎಲ್ಲಿ ಇಡಲಿ? ಅತ್ತೆಯ ಮುಂದೆ, ಓಣಿಯ ಹೆಂಗಸರ ಮುಂದೆ, ಒಂಬತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡದ್ದನ್ನೆಲ್ಲ ಅಂದು ಆಡಿಬಿಟ್ಟೆ. ನಮ್ಮಪ್ಪ ಹೀಗಿದ್ದ, ಹಾಗಿದ್ದ, ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅಂಗಡಿಗೆ ಒಯ್ಯುತ್ತಿದ್ದ ಎಂದೆಲ್ಲ. ಈಗ ನೀರಿಗೆ ಹೋದರೆ, ರತ್ನವ್ವ, ನಿಮ್ಮಪ್ಪ ಎದ್ದು ಕೂತನಂತಲ್ಲ, ಎಂದು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ.

ಹಾರ ನೋಡಿದೆ. ಮಸುಕು ಇದೆ. ಅತ್ತೆ ಅದನ್ನು ಧೂಳು ಎನ್ನುತ್ತಾರೆ. ದಿನಾ ಮುಂಜಾನೆ ಎದ್ದು ಕಿಟಕಿಯ ಹತ್ತಿರ ಹಿಡಿದು ನೋಡುತ್ತೇನೆ. ಆದರೂ ಕಣ್ಣು ಮುಚ್ಚಿದರೆ ನನಗೆ ಆ ಮುಚ್ಚಿದ ಕಣ್ಣೇ ಎದುರು ಬರುತ್ತದೆ. ಕೊಟ್ಟವನು ನೀನು, ತೆಗೆಯಬೇಕಾದವನೂ ನೀನೇ. ಅಪ್ಪ ಕಣ್ಣು ತೆರೆದು ನೋಡುವ ಒಂದು ಫೋಟೋ ತೆಗೆದು ಕಳಿಸು. ಬರೆದ ಕಣ್ಣು ಬೇಡ.

ನಾನು ಮಾಡಿದ್ದನ್ನೆಲ್ಲ, ಜಂಗಮರಿಗೆ ಉಣಿಸಿದ್ದು ಸಹ, ನೀನೇ ಹೋಗಿ ಅಪ್ಪನಿಗೆ ಹೇಳು. ಬೇರೆಯವರ ಬಾಯಿಂದ ಕೇಳುವುದು ಬೇಡ. ಬಾ ಎಂದು ಕರೆದರೆ ಬರುತ್ತೇನೆ ಎಂದೂ ಹೇಳು. ಕರೆಯದೆ ಬರುವುದಿಲ್ಲ. ಅವನ ಮಗಳೇ ನಾನು.

ರತ್ನವ್ವ

* * *

ಕಮರಿಪೇಟೆ, ಹುಬ್ಬಳ್ಳಿ
೯ ಸೆಪ್ಟೆಂಬರ್ ೧೯೩೬

ತಂಗಿ ರತ್ನವ್ವಗೆ,

ನೀನು ಹೇಳಿದ್ದನ್ನು ಮಾಡಿದೆ. ಮಾಡದಿದ್ದರೆ ಚೆನ್ನಾಗಿತ್ತೋ ಏನೋ.

ಅಂಗಡಿಯಲ್ಲಿ ಗಿರಾಕಿ ಇಲ್ಲದ ವೇಳೆ ನೋಡಿ ಹೋದೆ. ಹೇಗೆ ಶುರು ಮಾಡಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಅವರ ಮುಖ ಕಂಡ ಕೂಡಲೇ ಹೋಯಿತು. ಎಲ್ಲಾ ಒಂದೇ ಉಸಿರಿಗೆ ಹೇಳಿಬಿಟ್ಟೆ. ಜೋಳದ ಚೀಲದ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡರು.

"ಅಂದ್ರ ನಾ ಸತ್ತೇನಿ," ಎಂದರು.

"ಹಂಗಲ್ಲರಿ ಕಾಕಾ, ಆಕಿಗೆ ತಪ್ಪು ತಿಳೀತು."

"ಜಂಗಮ್ರು ಉಂಡ ಹ್ವಾದ್ರಂದಿ. ಇನ್ನೇನ ಉಳೀತಲೇ ಕಮರ್ಯಾ?" ತಕ್ಕಡಿಯ ತಟ್ಟೆ ಒರೆಸಿದರು. ಆಮೇಲೆ ದನಿ ಇಳಿಸಿ ಕೇಳಿದರು, "ಊಟಕ್ಕ ಏನ ಮಾಡಿದ್ಲಂತ?"

ನನಗೆ ಗೊತ್ತಿಲ್ಲ ಎಂದೆ. ಅದನ್ನು ಸಹ ಕೇಳಿ ತಿಳಿದುಕೊಳ್ಳಲಿಲ್ಲವಲ್ಲ ಎಂದು ನನಗೆ ಬೈದರು. ಅಳುತ್ತಿದ್ದಳಂತೋ, ಎಷ್ಟು ಅತ್ತಳಂತೋ ಎಂದು ಕೇಳಲಿಲ್ಲ, ಆದರೆ ನೀನು ಅತ್ತದ್ದನ್ನು ನಾನು ಹೇಳುವಾಗ ಕಾಳು ಅಳೆಯುತ್ತಿದ್ದ ಆಳಿಗೆ ಸದ್ದು ಮಾಡಬೇಡ ಎಂದರು.

ಈಗ ನೀವೇ ಒಂದು ಮಾತು ಬಾ ಎಂದರೆ ನಾಳೆಯೇ ಬರುತ್ತಾಳೆ ಎಂದೆ. ಅವರ ಮುಖ ಮತ್ತೆ ಬಿಗಿಯಿತು.

"ಸತ್ತಾಂವ ಹ್ಯಾಂಗ ಕರೀಬೇಕೋ? ಒಂಬತ್ತ ವರ್ಷ ಬದುಕಿದ್ದೆ, ಆವಾಗ ಬರಬೇಕಿತ್ತು."

ಕಣ್ಣು ತೆರೆದ ಫೋಟೋ ಮಾತು ತೆಗೆದರೆ ಎದ್ದೇ ನಿಂತರು. ಆ ಮಿಶಿನ್ನಿನ ಒಂಟಿ ಕಣ್ಣು ನೋಡುತ್ತ ಕೂಡಲಿಕ್ಕೆ ತಾನೇನು ಜಾತ್ರೆಯ ಗೊಂಬೆಯೇ ಎಂದರು. ಅಣ್ಣ ಮಡಿವಾಳಪ್ಪನೂ ಅಲ್ಲಿಗೆ ಬಂದ. ನೀನು ಉಣಿಸಿದ ಸುದ್ದಿ ಕೇಳಿ ಅವನಿಗೆ ಆದ ಅವಮಾನವೇ ಬೇರೆ. ಇರುವ ಅಪ್ಪನ ಹೆಸರಿನಲ್ಲಿ ಮಗನಿಗೆ ಗೊತ್ತಿಲ್ಲದೆ ಮಗಳು ಸಾವಿನ ಊಟ ಹಾಕಿದಳಂತೆ ಎಂದು ಪೇಟೆಯವರು ಆಡಿಕೊಂಡರೆ ತಾನು ಎಲ್ಲಿ ತಲೆ ಇಡಲಿ ಎಂದು ಕೂಗಾಡಿದ. ಅವನು ಕೂಗಿದ್ದರಿಂದಲೇ ಇಡೀ ದುರ್ಗದಬೈಲಿಗೆ ಗೊತ್ತಾಯಿತು.

ಇನ್ನು ನನ್ನ ಹಾಳು ಕೇಳು. ಈಗ ನಾನು ಕ್ಯಾಮೆರಾದ ಮೂರುಕಾಲು ಹೆಗಲಿಗೆ ಹಾಕಿ ಓಣಿಗೆ ಇಳಿದರೆ ಬಾಗಿಲು ಮುಚ್ಚುತ್ತಾರೆ. ಬದುಕಿದ್ದವರ ಫೋಟೋ ತೆಗೆದರೆ ಊರಾಚೆ ಅವರ ಸಾವು ನಡೆದುಹೋಗುತ್ತದೆಯಂತೆ. ಸೊಪ್ಪಿನ ಕಾಳವ್ವ, ನನ್ನನ್ನು ಎತ್ತಿ ಆಡಿಸಿದ ಮುದುಕಿ, ಬರುವ ಸೋಮವಾರ ಕೂಡುತ್ತೇನೆಂದು ಹೊಸ ಕುಪ್ಪಸ ಹೊಲಿಸಿಕೊಂಡಿದ್ದಳು. ಈಗ ಕಟ್ಟೆಯ ಮೇಲಿಂದಲೇ ಸೊಪ್ಪಿನ ಕಟ್ಟು ಎತ್ತಿ ತೋರಿಸಿ, "ಆ ಕಡೆ ಹೋಗೋ ಯಪ್ಪಾ, ನನಗ ಮೊಮ್ಮಗನ ಲಗ್ನಾ ನೋಡೂದೈತಿ," ಎನ್ನುತ್ತಾಳೆ. ಸತ್ತ ಮೇಲೆ ಕರೆಯುವವರಿಗೆ ನಾನು ಬೇಕು, ಬದುಕಿದ್ದಾಗ ಬಂದರೆ ನಾನು ಯಮ. ಇದು ಯಾವ ನ್ಯಾಯ ಹೇಳು.

ಪ್ಲೇಟುಗಳಿಗೆ ಮಳೆಯ ತಂಪು ಹಿಡಿಯುತ್ತಿದೆ. ಹೀಗೇ ಆದರೆ ಅವು ಸಹ ಹಾಳು.

ಊಟಕ್ಕೆ ಏನು ಮಾಡಿದ್ದೆ ಎಂದು ಬರೆ. ದಿನಾ ಕೇಳುತ್ತಿದ್ದಾರೆ.

ಎಲ್ಲರ ಬಾಯಿಗೂ ಸಿಕ್ಕ
ಕಮರುದ್ದೀನ

* * *

ಸೊಲ್ಲಾಪುರ
೨೨ ಸೆಪ್ಟೆಂಬರ್ ೧೯೩೬

ಕಮರಣ್ಣನಿಗೆ,

ಗೋದಿ ಹುಗ್ಗಿ. ಗಸಗಸೆ ಹಾಕಿ, ಬೆಲ್ಲ ಮುಂದಾಗಿ, ಅವನಿಗೆ ಸೇರುವ ಹಾಗೆ. ಮಹಾಂತಯ್ಯನವರು ಎರಡು ಸಲ ಹಾಕಿಸಿಕೊಂಡರು. ಹೇಳು.

ಮತ್ತೆ ಈ ಮಾತನ್ನೂ ಹೇಳು, ಮಡಿವಾಳಪ್ಪನ ಎದುರಿಗೇ ಹೇಳು. ಕಾಗದ ಅವರ ಮುಂದೆ ಹಿಡಿದು ಓದಿದರೂ ಸರಿ.

ಲಗ್ನದ ಮನೆಗೆ ಕರೆದರೆ ಹೋಗಬೇಕು. ತೊಟ್ಟಿಲಿಗೆ ಕರೆದರೆ ಹೋಗಬೇಕು. ಸಾವಿನ ಮನೆಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಸುದ್ದಿ ತಿಳಿದವರು ತಾವಾಗಿ ಹೋಗುತ್ತಾರೆ. ತಾನು ಸತ್ತಿದ್ದೇನೆ ಎಂದು ಅಪ್ಪ ತನ್ನ ಬಾಯಿಂದ ಹೇಳಿದ್ದಾನೆ. ಹಾಗಾದರೆ ನನಗೆ ಕರೆ ಬೇಕಾಗಿಲ್ಲ. ಮುಖ ನೋಡಲು ಬರುತ್ತೇನೆ. ಸತ್ತವರ ಮುಖ ನೋಡಲು ಬಂದ ಮಗಳನ್ನು ಬಾಗಿಲಲ್ಲಿ ನಿಲ್ಲಿಸುವ ಗಂಡಸು ಯಾವನಿದ್ದಾನೋ ನಾನೂ ನೋಡುತ್ತೇನೆ.

ದಸರೆ ಮುಗಿದ ಮಾರನೆಯ ದಿನ ಗದಗಿನ ಗಾಡಿಗೆ ಬಂದು ಇಳಿಯುತ್ತೇನೆ. ಸ್ಟೇಶನ್ನಿಗೆ ಯಾರೂ ಬರುವುದು ಬೇಡ. ನೀನು ಮಾತ್ರ ಒಂದು ಪ್ಲೇಟು ಒಣಗಿದ್ದು ನೋಡಿ ಇಟ್ಟುಕೊಂಡಿರು.

ರತ್ನವ್ವ

* * *

ಕಮರಿಪೇಟೆ, ಹುಬ್ಬಳ್ಳಿ
೧೧ ನವೆಂಬರ್ ೧೯೩೬

ತಂಗಿ ರತ್ನವ್ವಗೆ ಕಮರುದ್ದೀನನ ಸಲಾಮು. ನಿನ್ನ ಅತ್ತೆಗೂ ಮನೆಯವರಿಗೂ.

ಈ ಸಲ ಲಕೋಟೆ ಮುಚ್ಚಿ, ಟಿಕೆಟ್ಟು ಪೂರಾ ಹಚ್ಚಿ, ಫೋಟೋ ಮತ್ತು ಕಾಗದ ಒಟ್ಟಿಗೇ ಕಳಿಸುತ್ತಿದ್ದೇನೆ. ಮೊದಲು ಕಾಗದ ಓದು, ಆಮೇಲೆ ಫೋಟೋ ನೋಡು. ಅಪ್ಪ ಇದ್ದಾರೆ, ಎಲ್ಲರೂ ಇದ್ದಾರೆ.

ದಸರೆ ಮುಗಿದು ನೀನು ಬಂದ ಆ ದಿನ ಅಂಗಳದಲ್ಲಿ ನನ್ನ ಹಿಂದೆ ನಿಂತಿದ್ದೆ. ನಾನು ಕರಿ ಬಟ್ಟೆಯೊಳಗೆ ತಲೆ ಹಾಕಿದ್ದೆ. ಅಲ್ಲಿ ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ನಿಮ್ಮಪ್ಪ ತಲೆಕೆಳಗಾಗಿ ಕಾಣುತ್ತಿದ್ದರು. ಮಿಶಿನ್ನು ನೋಡುವುದಿಲ್ಲ ಎಂದು ಅವರು ಮುಖ ತಿರುಗಿಸಿದ್ದು, ಹಾಗಾದರೆ ಯಾರನ್ನು ನೋಡಬೇಕೆನಿಸುತ್ತದೋ ಅವರನ್ನು ನೋಡಿರಿ ಎಂದು ನಾನು ರೇಗಿದ್ದು, ನಿನಗೂ ಕೇಳಿಸಿದೆ.

"ನನ್ನ ಹೆಸರ್ಲೆ ಹುಗ್ಗಿ ಮಾಡಿ ಉಂಡಾಕಿನ್ನ ನೋಡ್ತೇನಿ," ಎಂದರಲ್ಲ, ಆಗಲೇ ನಾನು ಮುಚ್ಚಳ ತೆಗೆದೆ. ಸುಮ್ಮನಿರಿ ಎಂದು ಕೈ ಮಾಡಿದರೂ ಅವರು ನಿನಗೆ ಬೈಯುವುದು ನಿಲ್ಲಿಸಲಿಲ್ಲ. ಗಸಗಸೆ ಹೆಚ್ಚಾಗಿತ್ತೇನು, ಜಂಗಮರಿಗೆ ತುಪ್ಪ ಯಾವುದು ಬಡಿಸಿದೆ, ಎಂದು. ನನ್ನ ಪ್ಲೇಟು ಹಾಳಾಯಿತು ಎಂದೇ ನಾನು ತಿಳಿದೆ. ತೊಳೆದು ನೋಡಿದರೆ ಬಾಯಿ, ಮೀಸೆ, ಗದ್ದ, ಎಲ್ಲಾ ಮಸುಕು. ಎತ್ತಿದ ಕೈ ಹೊಗೆಯಂತೆ ಆಗಿದೆ. ಕಣ್ಣು ಎರಡೂ ಚೊಕ್ಕವಾಗಿ ಬಿದ್ದಿವೆ. ಅವು ಕ್ಯಾಮೆರಾದ ಕಡೆಗಿಲ್ಲ, ಸ್ವಲ್ಪ ಮೇಲೆ, ನನ್ನ ತಲೆಯ ಆಚೆ ಇವೆ. ಸಿಟ್ಟು ತುಂಬಿದ ಕಣ್ಣು. ತಿದ್ದಲೇ ಎಂದು ಒಂದು ಗಳಿಗೆ ಕುಂಚ ಹಿಡಿದೆ. ತಾಜಬಿ ಕಸಿದುಕೊಂಡಳು.

ನೀನು ರೈಲು ಹತ್ತಿದ ಮೇಲೆ ನಡೆದದ್ದು ಇನ್ನೊಂದಿದೆ. ಹೇಳಲೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ. ಅವರು ಹೇಳಬೇಡ ಎಂದಿಲ್ಲ, ಹೇಳು ಎಂದೂ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ನಿಮ್ಮಪ್ಪ ಟಾವೆಲಿನಲ್ಲಿ ಏನನ್ನೋ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಅವರು ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಿಚ್ಚಿದರೆ ನಿಮ್ಮವ್ವನ ಫೋಟೋ, ಚೌಕಟ್ಟಿನ ಸಮೇತ. ಗೋಡೆಯ ಮೇಲಿದ್ದದ್ದು.

"ಇದರ ಕಣ್ಣ ತಗಿ," ಎಂದರು.

ಒಂಬತ್ತು ವರ್ಷದ ಬಣ್ಣ. ನೀರು ಮುಟ್ಟಿಸಿದರೆ ಬಣ್ಣದ ಜೊತೆ ಕೆಳಗಿನ ಮುಖವೂ ಎದ್ದು ಬಂದರೆ? ಇರುವುದೇ ಅದೊಂದು. ಬೇಡ ಕಾಕಾ, ಹೀಗೇ ಇರಲಿ ಎಂದೆ. ಕಣ್ಣು ಕಣ್ಣಿನ ಹಾಗಿಲ್ಲ ಎಂದು ಮಗಳು ಅಂದದ್ದು ಖರೇ, ತಾನು ಅಂದೇ ಕಂಡಿದ್ದೆ, ನಾಲ್ಕು ಜನರ ಮುಂದೆ ಮಗಳು ಹೇಳಿದಳೆಂದು ಒಪ್ಪಲಿಲ್ಲ ಎಂದರು. ಗೋಡೆಯ ಮೇಲಿನ ಆ ಕಣ್ಣಿಗೆ ಹೆದರಿ ಪಡಸಾಲೆಯಲ್ಲಿ ಊಟಕ್ಕೆ ಕೂಡುವುದನ್ನೇ ಬಿಟ್ಟಿದ್ದರಂತೆ.

ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ ಹಿಂಡಿ, ಉಸಿರು ಬಿಗಿಹಿಡಿದು ಒರೆಸಿದೆ. ಮೊದಲು ಕರಿ ಬಂತು, ಆಮೇಲೆ ಬಿಳಿ ಬಂತು. ಕೆಳಗೆ ರೆಪ್ಪೆ ಹಾಗೇ ಇದ್ದವು. ಏನೂ ಆಗಿರಲಿಲ್ಲ. ಎಡಗಡೆಯದು ಸ್ವಲ್ಪ ಸಣ್ಣದು. ಮುಚ್ಚಿದ್ದರೂ ಅದು ತಿಳಿಯುತ್ತದೆ, ನೀನು ಬಂದಾಗ ನೋಡು.

ಅವರು ಚೌಕಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆ ಹೊತ್ತಿಗೆ ಹೊರಗೆ ಕಾಳವ್ವ ಹೊಸ ಕುಪ್ಪಸ ಹಾಕಿಕೊಂಡು ಬಂದು, ನೀಲಕಂಠಪ್ಪನವರ ಫೋಟೋ ಬೈಯ್ಯಾಕತ್ತೈತಂತ, ತೋರಿಸು, ಎಂದು ನಿಂತಿದ್ದಳು. ಸುಮ್ಮನಿರು ಎಂದು ಸನ್ನೆ ಮಾಡಿದೆ.

"ಮಧ್ಯಾಹ್ನ ಬ್ಯಾಳಿ ಹಸನ ಮಾಡ್ಕೋತ ಕುಂತಾಗ ಆಕಿಗೆ ಹಿಂಗ ಜೋಂಪ ಹತ್ತತಿತ್ತು," ಎಂದರು. "ಮೊರಾ ತೊಡಿ ಮ್ಯಾಲ ಇರತಿತ್ತು."

ಆಮೇಲೆ ನನ್ನ ಮೇಲೆ ತಿರುಗಿದರು. ನೋಡು, ಬರೆ ಎಂದವರು ಅವರು, ಬರೆದದ್ದಕ್ಕೆ ಒಂಬತ್ತು ವರ್ಷ ಬೈದವಳು ನೀನು, ಒರೆಸಿದ್ದಕ್ಕೆ ಬೈಗುಳ ಮತ್ತೆ ನನಗೇ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಈ ಬಣ್ಣದ ಬುಡಕ ಆಕಿ ಇದ್ಲಂತ ಇಷ್ಟ ದಿನಾ ಯಾಕ ಹೇಳ್ಲಿಲ್ಲೋ, ಕಮರ್ಯಾ?" ಎಂದರು.

ನಿನ್ನ ಅಣ್ಣ
ಕಮರುದ್ದೀನ